ಅರಕಲಗೂಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡ ಕಾಗದ

ಹೋದ ತಿಂಗಳು ಯಾವುದೋ ದಾಖಲೆಯ ಪ್ರತಿ ಬೇಕಾಗಿ ಹಾಸನದ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯೊಂದಕ್ಕೆ ನುಗ್ಗಿದೆ. ಹೊರಗೆ ಮಳೆ. ಒಳಗೆ ಒದ್ದೆ ಕೊಡೆಗಳು, ಬಿಸಿಯಾದ ಗಾಜು, ಕಾದ ಧೂಳು, ಬೆಳಿಗ್ಗೆ ಹಚ್ಚಿದ ಊದುಬತ್ತಿ ಎಲ್ಲ ಸೇರಿ ಒಂದು ವಾಸನೆ. ಅಂಗಡಿಯವಳು "ನಿಮ್ದಾಯ್ತು ಮೇಡಂ" ಎಂದು ಎರಡು ಸಲ ಹೇಳಿದಳಂತೆ. ನನಗೆ ಕೇಳಿಸಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಒಂದು ಮಳೆಗಾಲವಿಡೀ ನಾನು ಇದೇ ವಾಸನೆಯಲ್ಲಿ ಕೂತು ಕೆಲಸ ಮಾಡಿದ್ದೆ. ಜಂಬಪಟ್ಟುಕೊಂಡು ಮಾಡಿದ್ದೆ. ಆ ಜಂಬ ಇಳಿದದ್ದೂ ಅದೇ ಮಳೆಗಾಲದಲ್ಲಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನಗೆ ಇಪ್ಪತ್ನಾಲ್ಕು. ಚನ್ನರಾಯಪಟ್ಟಣದವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹಾಸನದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಂಜುಂಡಯ್ಯನವರ ಹತ್ತಿರ ಕೆಲಸಕ್ಕೆ ಸೇರಿದ್ದೆ. ನಂಜುಂಡಯ್ಯನವರು ಮೂವತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಟೈಪ್‌ರೈಟರುಗಳ ಕಾಲ ಮುಗಿಯಿತು ಎಂದು ಗೊತ್ತಾದಾಗ ತಲೆಮೇಲೆ ಕೈಹೊತ್ತು ಕೂರದೆ, ಅದೇ ಮಹಡಿಯ ಮೇಲೆ ಇ-ಮೇಲ್ ಕೇಂದ್ರ ತೆರೆದರು. ಹಾಸನದಲ್ಲಿ ಒಂದು ಮೇಲ್ ಸರ್ವರ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಶಾಖೆ. ಶಾಖೆ ಎಂದರೆ ಎಸ್‌ಟಿಡಿ ಬೂತಿನ ಮೂಲೆಯಲ್ಲಿ ಒಂದು ಕಂಪ್ಯೂಟರ್, ಮೋಡೆಮ್, ಪ್ರಿಂಟರ್, ಸ್ಕ್ಯಾನರ್.

ಊರಿಗೆಲ್ಲ ಸೇರಿ ಒಂದೇ ಇ-ಮೇಲ್ ವಿಳಾಸ, ಸರ್ವರಿನಲ್ಲಿ ಊರಿಗೊಂದೇ ಡಬ್ಬಿ. ಯಾರಿಗೆ ಬಂದದ್ದು ಎನ್ನುವುದನ್ನು ಕಳಿಸಿದವರು ವಿಷಯದ ಸಾಲಿನಲ್ಲಿ ಬರೆದಿರಬೇಕು. ಶಾಖೆಯವರು ದಿನಕ್ಕೊಮ್ಮೆ ಫೋನಿನ ಮೂಲಕ ನಮ್ಮ ಸರ್ವರಿಗೆ ಸಂಪರ್ಕ ಮಾಡಿ, ಡಬ್ಬಿಯಲ್ಲಿದ್ದುದನ್ನೆಲ್ಲ ಇಳಿಸಿಕೊಂಡು, ಮುದ್ರಿಸಿ, ಮಡಿಸಿ, ಅವರವರಿಗೆ ತಲುಪಿಸಬೇಕು. ಹೊಳೆನರಸೀಪುರದ ಶಾಖೆ ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಹೋಗಿ, ಪರರ ಪತ್ರಗಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಿದ್ದರು. ಬೇಡ ಎಂದು ಹೇಳಲು ಹೋದರೆ ನನಗೇ ಪಾಠ ಶುರುಮಾಡಿದರು. ಕೈಮುಗಿದು ವಾಪಸ್ ಬಂದೆ.

ನಂಜುಂಡಯ್ಯನವರಿಗೆ ಟೈಪಿಂಗಿನ ಕಾಲದ ಒಂದು ಅಭ್ಯಾಸ ಬಿಟ್ಟಿರಲಿಲ್ಲ. ಕಾರ್ಬನ್ ಇಡದೆ ಅವರು ಒಂದು ಹಾಳೆಯನ್ನೂ ಯಂತ್ರಕ್ಕೆ ಏರಿಸಿದವರಲ್ಲ. ಹಾಗಾಗಿ ಸರ್ವರಿನಲ್ಲೂ 'ಕಾರ್ಬನ್' ಎಂದು ಹೆಸರಿಟ್ಟು ಇನ್ನೊಂದು ಡಬ್ಬಿ ಮಾಡಿಸಿದ್ದರು. ಯಾವ ಊರಿಗೆ ಏನು ಬಂದರೂ ಅದರದೊಂದು ಪ್ರತಿ ಅಲ್ಲಿ ಬೀಳಬೇಕು. ಜೂನ್ ಹೊತ್ತಿಗೆ ಆ ಕಾರ್ಬನ್ ಡಬ್ಬಿ ಊದಿಕೊಂಡು, ಸರ್ವರಿನಲ್ಲಿ ಜಾಗವೇ ಇಲ್ಲದೆ, ಒಂದು ದಿನ ಮೂರು ಊರಿನ ಪತ್ರಗಳೂ ನಿಂತುಹೋದವು. ನಾನು ಡಬ್ಬಿ ಖಾಲಿ ಮಾಡಿ, ಪ್ರತಿ ತೆಗೆಯುವ ವ್ಯವಸ್ಥೆಯನ್ನೇ ಕಿತ್ತುಹಾಕಿದೆ.

"ಇದೊಂದು ಬೇಡ್ವಾಗಿತ್ತಮ್ಮ ಗೀತಾ," ಎಂದರು ನಂಜುಂಡಯ್ಯ.

"ಕಾರ್ಬನ್ ಇಟ್ಕೊಂಡು ಕೂತ್ರೆ ಕಾಗದಕ್ಕೇ ಜಾಗ ಇರಲ್ಲ ಸಾರ್," ಎಂದೆ. ನನ್ನ ಬಾಯಿ ಆಗ ಹಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಮಳೆ ಹಿಡಿಯಿತು. ಆ ವರ್ಷದ ಮಳೆ ಜೋರಾಗಿ ಹೊಡೆದು ಹೋಗುವ ಜಾತಿಯದಲ್ಲ. ಸಣ್ಣಗೆ, ಬಿಡದೆ, ವಾರಗಟ್ಟಲೆ. ಟೆಲಿಫೋನ್ ತಂತಿಯ ಗಂಟುಗಳಿಗೆಲ್ಲ ನೀರು ಇಳಿದು ಲೈನಿನಲ್ಲಿ ಕರಕರ ಸದ್ದು. ಹಾಸನದಿಂದ ಅರಕಲಗೂಡಿಗೆ ಸಂಪರ್ಕ ಸಿಕ್ಕರೆ ಕಾಲು ಗಂಟೆ ನಿಂತರೆ ಹೆಚ್ಚು. ಸಣ್ಣ ಪತ್ರಗಳಿಗೆ ಅಷ್ಟು ಸಾಕು. ಆದರೆ ಸಾಲಿನಲ್ಲಿ ಒಂದು ದೊಡ್ಡ ಪತ್ರ ಮುಂದೆ ನಿಂತಿದೆ ಎಂದುಕೊಳ್ಳಿ. ಅದು ಅರ್ಧ ಇಳಿಯುವಷ್ಟರಲ್ಲಿ ಲೈನು ಹೋಗುತ್ತದೆ. ಮತ್ತೆ ಸಂಪರ್ಕ ಮಾಡಿದರೆ ಅದು ಮೊದಲಿನಿಂದ ಶುರು. ಮತ್ತೆ ಅರ್ಧಕ್ಕೆ ಲೈನು ಹೋಗುತ್ತದೆ. ಅದರ ಹಿಂದಿರುವ ಇಪ್ಪತ್ತು ಪತ್ರಗಳೂ ಅಲ್ಲೇ.

ಅರಕಲಗೂಡಿನ ಶಾಖೆಯ ಜವರೇಗೌಡರು ಮೊದಲ ಸಲ ಫೋನ್ ಮಾಡಿದ್ದು ಒಂದು ಸೋಮವಾರ ಮಧ್ಯಾಹ್ನ. ಗೌಡರದು ಗೊಬ್ಬರದ ಅಂಗಡಿ, ಅದರ ಪಕ್ಕದಲ್ಲೇ ಬೂತು. "ಮೇಡಮ್ಮೋರೆ, ಮೇಲು ಅರ್ಧ ಬತ್ತದೆ, ನಿಂತೋಯ್ತದೆ. ತಿರ್ಗ ಮೊದ್ಲಿಂದ ಸುರುವಾಯ್ತದೆ. ಮೂರ್ ದಿನ ಆಯ್ತು ಕಣಮ್ಮ. ರಾಮನಾಥಪುರದ ಒಗೆಸೊಪ್ನೋರು ಬಂದು ಬಾಗ್ಲಲ್ಲೇ ಕುಂತವ್ರೆ. ನಾನೇನಂತ ಯೋಳ್ಲಿ?"

ಇಂಥದ್ದಕ್ಕೆ ಮದ್ದು ನನಗೆ ಗೊತ್ತಿತ್ತು. ಸರ್ವರಿನ ಕಪ್ಪು ಪರದೆಯಲ್ಲಿ ಆ ಊರಿನ ಡಬ್ಬಿಯ ಹೆಸರು, ಗುಟ್ಟಿನ ಪದ ಕೊಟ್ಟು ಒಳಹೊಕ್ಕು, ಪಟ್ಟಿ ಕೇಳಿದರೆ ಪತ್ರಗಳ ಸಂಖ್ಯೆ, ಎದುರಿಗೆ ಅವುಗಳ ಗಾತ್ರ ಕಾಣುತ್ತದೆ. ಯಾರಿಂದ, ಯಾರಿಗೆ ಎನ್ನುವುದು ಆ ಪಟ್ಟಿಯಲ್ಲಿರುವುದಿಲ್ಲ. ಮೊದಲನೆಯ ಪತ್ರವೇ ಬೆಟ್ಟದಂತೆ ಕೂತಿತ್ತು. ಉಳಿದವೆಲ್ಲ ಸೇರಿದರೂ ಅದರ ಕಾಲುಭಾಗ ಇಲ್ಲ. ಯಾರೋ ಪುಣ್ಯಾತ್ಮರು ಮಗುವಿನ ನಾಮಕರಣದ ಫೋಟೋ ಕಳಿಸಿದ್ದಾರೆ ಎಂದುಕೊಂಡೆ. ಇನ್ನೊಂದೇ ಒಂದು ಆಜ್ಞೆ ಕೊಟ್ಟಿದ್ದರೆ ಅದರ ತಲೆಬರಹ ಕಾಣುತ್ತಿತ್ತು, ಯಾರಿಗೆ ಬಂದದ್ದೆಂದು ತಿಳಿಯುತ್ತಿತ್ತು. ಕೊಡಲಿಲ್ಲ. ಬೆಳಗಿನಿಂದ ಹತ್ತು ಫೋನು ಬಂದಿದ್ದವು, ಊಟ ಆಗಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿತ್ತು. ಒಂದನೇ ಪತ್ರ ಅಳಿಸು ಎಂದು ಹೊಡೆದೆ. ಹೊರಬರುವ ಆಜ್ಞೆ ಕೊಡುವ ತನಕ ಅದು ನಿಜವಾಗಿ ಅಳಿಸುವುದಿಲ್ಲ, ಮನಸ್ಸು ಬದಲಾದರೆ ವಾಪಸ್ ಪಡೆಯಬಹುದು. ನನ್ನ ಮನಸ್ಸು ಬದಲಾಗಲಿಲ್ಲ. ಹೊರಬಂದೆ.

ಹತ್ತು ನಿಮಿಷದಲ್ಲಿ ಗೌಡರ ಫೋನು. "ಬಂದ್ಬುಡ್ತು ಕಣಮ್ಮ, ಎಲ್ಲಾ ಬಂದ್ಬುಡ್ತು. ಏನ್ ಮಾಡುದ್ರಿ?"

"ಗಂಟ್ಲಲ್ಲಿ ಸಿಕ್ಕೊಂಡಿದ್ದನ್ನ ತೆಗ್ದೆ ಗೌಡ್ರೆ," ಎಂದೆ. ಆವತ್ತು ಊಟ ರುಚಿಯಾಗಿತ್ತು.

ಎರಡು ವಾರ ಕಳೆದು ಒಂದು ಮಂಗಳವಾರ ಬೆಳಿಗ್ಗೆ ಅರಕಲಗೂಡಿನ ಡಬ್ಬಿ ಮತ್ತೆ ಕಟ್ಟಿಕೊಂಡಿತು. ಗೌಡರು ಫೋನಿನಲ್ಲಿ ಅದೇ ಗೋಳು ಹೇಳಿಕೊಂಡು, ಕೊನೆಯಲ್ಲಿ ಸುಮ್ಮನೆ ಸೇರಿಸಿದರು: "ಇನ್ನೊಂದು ಇಸ್ಯ. ನಮ್ ಟೈಲರ್ ಪುಟ್ಟಸ್ವಾಮಿ ಅವ್ನಲ್ಲ, ಕಿವಿ ಕೇಳ್ದೋನು, ಅವ್ನು ಎರಡ್ ವಾರದಿಂದ ದಿನಾ ಸಂಜೆ ಬಂದು ನಿಂತ್ಕತಾನೆ. ಎಂಡ್ರು ಮಸ್ಕತ್ತಲ್ಲಿ ನರ್ಸು. ವಾರ ವಾರ ಕೈಯಲ್ಲಿ ಬರ್ದು, ಪೋಟ ತೆಗ್ದಂಗೆ ಮಾಡಿ ಕಳುಸ್ತಿತ್ತು ಆಯಮ್ಮ. ಬ್ಯಾಸ್ಗೇಲಿ ಒತ್ತಾಗ್ತಿದ್ರೂ ಬತ್ತಿತ್ತು. ಈಗ ಎರಡ್ ವಾರದಿಂದ ಒಂದೂ ಇಲ್ಲ. ಅವ್ನ್ ಮೊಕ ನೋಡಕ್ಕಾಗಲ್ಲ ಕಣಮ್ಮ."

ಎರಡು ವಾರ ಎಂದದ್ದೇ ನಾನು ಅಳಿಸಿದ ಪತ್ರ ನೆನಪಾಯಿತು. ಫೋನು ಇಟ್ಟೆ. ಡಬ್ಬಿಯೊಳಗೆ ಹೋಗಿ ಪಟ್ಟಿ ತೆಗೆದೆ. ಮತ್ತೆ ಒಂದನೆಯದೇ ಬೆಟ್ಟ, ಹೆಚ್ಚುಕಡಿಮೆ ಅದೇ ಗಾತ್ರ. ಈ ಸಲ ತಲೆಬರಹದ ಆಜ್ಞೆ ಕೊಟ್ಟೆ. ವಿಷಯದ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, 'ಪುಟ್ಟಸ್ವಾಮಿ ಟೈಲರ್, ಅರಕಲಗೂಡು'.

ಆಗ ಕಂಪ್ಯೂಟರಿನಲ್ಲಿ ಕನ್ನಡ ಬರೆದು ಕಳಿಸಿದರೆ ಈ ಕಡೆ ತೆರೆದಾಗ ಬರೀ ಚೌಕಗಳು ಕಾಣುತ್ತಿದ್ದವು. ಪುಟ್ಟಸ್ವಾಮಿ ಓದಿದ್ದು ಐದನೇ ಕ್ಲಾಸು, ಇಂಗ್ಲಿಷ್ ಅಕ್ಷರ ಬಾರದು. ಫೋನಂತೂ ಅವನಿಗೆ ಪ್ರಯೋಜನವಿಲ್ಲ. ಗಂಡಹೆಂಡಿರ ಮಾತನ್ನು ಗೊಬ್ಬರದಂಗಡಿಯವರ ಬಾಯಿಂದ ಆಡಿಸುವುದು ಆ ಹೆಂಗಸಿಗೆ ಬೇಕಿರಲಿಲ್ಲ. ಅದಕ್ಕೇ ಕೈಬರಹ. ಅವಳ ಆಸ್ಪತ್ರೆಯ ಆಫೀಸಿನ ಒಬ್ಬ ಮಲಯಾಳಿ ಹುಡುಗಿ ಅದನ್ನು ಬಣ್ಣದಲ್ಲಿ, ಪುಟಪೂರ್ತಿ ಸ್ಕ್ಯಾನ್ ಮಾಡಿ ಹಾಗೇ ಕಳಿಸುತ್ತಿದ್ದಳು. ಆ ಹುಡುಗಿಗೆ ಕನ್ನಡ ಓದಲು ಬಾರದು, ಹಾಗಾಗಿ ಬರೆದವಳಿಗೆ ನಾಚಿಕೆಯೂ ಇರಲಿಲ್ಲ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಆ ಹೊತ್ತಿನಲ್ಲಿ ಗೊತ್ತಾದದ್ದು ಒಂದೇ, ನಾನು ಅಳಿಸಿದ್ದು ನಾಮಕರಣದ ಫೋಟೋ ಅಲ್ಲ. ಕಾರ್ಬನ್ನೂ ಇರಲಿಲ್ಲ. ಅದನ್ನು ಕಿತ್ತುಹಾಕಿದವಳೂ ನಾನೇ.

ಸರ್ವರ್ ನಮ್ಮ ಮಹಡಿಯ ಮೇಲೇ ಇದ್ದುದರಿಂದ ಫೋನ್ ಲೈನಿನ ಹಂಗಿಲ್ಲದೆ ಕಾಗದವನ್ನು ಅಲ್ಲೇ ತೆರೆದೆ. ದುಂಡು ಅಕ್ಷರ. ಓದಬಾರದಿತ್ತು, ಓದಿದೆ.

'ಹೋದ ಕಾಗದದಲ್ಲಿ ಕೇಳಿದ್ದಕ್ಕೆ ನೀವು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತ ಇಲ್ಲಿ ಕೇಳುತ್ತಿದ್ದಾರೆ. ನನಗೆ ಸಾಕಾಗಿದೆ, ಬಂದುಬಿಡಲಾ ಅಂತ ಕೇಳಿದ್ದೆ. ನೀವು ಸುಮ್ಮನಿದ್ದೀರಿ ಅಂದರೆ ಇಲ್ಲೇ ಇರಲಿ ಅಂತ ತಾನೇ? ಗುರುವಾರದ ತನಕ ನೋಡುತ್ತೇನೆ. ಆಮೇಲೆ ಸಹಿ ಹಾಕುತ್ತೇನೆ. ಮಳೆಗೆ ಮೆಷಿನ್ನಿನ ಬೆಲ್ಟು ಸಡಿಲ ಬಿಟ್ಟಿರುತ್ತದೆ, ನೋಡಿಕೊಳ್ಳಿ. ಮಂಜುಳಾ.'

ಆವತ್ತು ಮಂಗಳವಾರ. ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಅರಕಲಗೂಡಿನ ಬಸ್ ಹತ್ತಿದೆ. ಕಿಟಕಿಯ ಪರದೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಬಸ್ಸಿನಲ್ಲಿ ಅಳುವ ಅಭ್ಯಾಸ ನನಗಿಲ್ಲ, ಆವತ್ತು ಅತ್ತೆ.

ಪುಟ್ಟಸ್ವಾಮಿಯ ಅಂಗಡಿ ಒಂದು ಬಾಗಿಲಿನದು. ಮೂವತ್ತೈದರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಅಳತೆ ಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತಂತೆ. ಮಾತು ಇತ್ತು, ಆದರೆ ಹೊರಗಿನವರ ಮುಂದೆ ಆಡುತ್ತಿರಲಿಲ್ಲ. ಕವರು ಕೊಟ್ಟೆ. ಅಕ್ಷರ ಕಂಡದ್ದೇ ಅವನ ಮುಖ ಅರಳಿತು. ಓದುತ್ತ ಓದುತ್ತ ಅರಳಿದ್ದೆಲ್ಲ ಮುಚ್ಚಿಕೊಂಡಿತು. ರವಿಕೆಯ ಅಳತೆ ಬರೆದುಕೊಳ್ಳುವ ಕಂದು ಕಾಗದ ಎಳೆದುಕೊಂಡು ಬರೆದ: 'ಯಾವ ಕಾಗದ?'

ಪೆನ್ಸಿಲ್ ಈಸಿಕೊಂಡು ಕೆಳಗೆ ಬರೆದೆ: 'ಎರಡು ವಾರದ ಹಿಂದೆ ಬಂದಿತ್ತು. ದೊಡ್ಡದಿತ್ತು, ದಾರಿ ಕಟ್ಟಿತ್ತು. ಯಾರದು ಅಂತ ನೋಡದೆ ನಾನೇ ಅಳಿಸಿದೆ. ತಪ್ಪಾಯ್ತು.'

ಅವನು ಅದನ್ನು ಓದಿ ನನ್ನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಎದ್ದು ಹೋಗಿ ಹೊರಗೆ ಸೂರಿನ ಕೆಳಗೆ ನಿಂತು ಸ್ವಲ್ಪ ಹೊತ್ತು ಮಳೆ ನೋಡಿದ. ಒಳಗೆ ಬಂದು ಒಂದು ಬಿಳಿ ಹಾಳೆ ತೆಗೆದು ನಿಧಾನವಾಗಿ ಬರೆದು ನನ್ನ ಕೈಗಿತ್ತ.

'ಮಂಜುಳಾಗೆ. ನಿನ್ನ ಮೊದಲಿನ ಕಾಗದ ಬಂದಿತ್ತು. ಉತ್ತರ ಬರೆಯಲಿಕ್ಕೆ ನಾನೇ ತಡ ಮಾಡಿದೆ. ಬೇಜಾರು ಮಾಡಿಕೊಳ್ಳಬೇಡ. ಸಹಿ ಹಾಕಬೇಡ. ಬಾ.'

'ಬಾ' ಮಾತ್ರ ಬೇರೆ ಸಾಲಿನಲ್ಲಿತ್ತು, ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ.

'ಯಾಕೆ ಸುಳ್ಳು ಬರೆದಿರಿ?' ಎಂದು ಕಂದು ಕಾಗದದಲ್ಲಿ ಕೇಳಿದೆ.

'ನಿಮಗೆ ಮೇಲೆ ಯಜಮಾನರಿದ್ದಾರೆ. ಗೊತ್ತಾದರೆ ಕೆಲಸಕ್ಕೆ ಕುತ್ತು. ನನಗೆ ಅವಳೊಬ್ಬಳೇ. ಬೈದರೆ ಬೈಯಲಿ,' ಎಂದು ಬರೆದು, ಮುಗಿಯಿತು ಎನ್ನುವಂತೆ ಮೆಷಿನ್ನಿನ ಮುಂದೆ ಕೂತುಬಿಟ್ಟ. ಯಾರದೋ ಮದುವೆಯ ರವಿಕೆಗಳು ಸಂಜೆಗೆ ಬೇಕಿದ್ದವು.

ಹಾಳೆ ಹಿಡಿದು ಗೌಡರ ಬೂತಿಗೆ ಬಂದೆ. ಸ್ಕ್ಯಾನರಿನ ದೀಪ ಬಿಸಿಯಾಗುವ ತನಕ ಕಾಯಬೇಕು. ಪುಟಪೂರ್ತಿ ಬಣ್ಣದಲ್ಲಿ ತೆಗೆದರೆ ಗುರುವಾರ ಹೋಗಲಿ, ಮುಂದಿನ ವಾರಕ್ಕೂ ಇದು ಅರಕಲಗೂಡು ಬಿಡುವುದಿಲ್ಲ. ಕಪ್ಪುಬಿಳುಪಿಗೆ ಇಳಿಸಿದೆ. ಖಾಲಿ ಅಂಚುಗಳನ್ನು ಕತ್ತರಿಸಿದೆ. ಪರದೆಯ ಮೇಲೆ ಆ ಸಾಲುಗಳು ನಿಂತವು. ಕತ್ತರಿಸುವ ಚೌಕ ಇನ್ನೂ ನನ್ನ ಕೈಯಲ್ಲೇ ಇತ್ತು.

ಅಷ್ಟು ಸಾಲು ಕಪ್ಪುಬಿಳುಪಿನಲ್ಲಿ ಆರಾಮಾಗಿ ಹೋಗುತ್ತಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚೌಕವನ್ನು ಕೆಳಗೆಳೆದು 'ಬಾ' ಒಂದನ್ನು ಮಾತ್ರ ಉಳಿಸಿಕೊಂಡೆ.

ಹಿಂದೆ ನಿಂತಿದ್ದ ಗೌಡರು ಬಗ್ಗಿ ನೋಡಿದರು. "ಮ್ಯಾಲಿನ್ ಸಾಲ್ಗಳ್ನ ಬುಟ್ಬುಟ್ರಲ್ಲ ಮೇಡಮ್ಮೋರೆ."

"ಲೈನು ತಡೀಬೇಕಲ್ಲ ಗೌಡ್ರೆ," ಎಂದೆ.

"ಅದೂ ಸರಿಯೆ," ಎಂದು ಗೌಡರು ಗೊಬ್ಬರದ ಗಿರಾಕಿಯ ಕಡೆ ಹೋದರು.

ಆಮೇಲೆ ಪತ್ರದೊಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೊಡೆದೆ: 'ಮಂಜುಳಾ ಅವರೇ, ನಿಮ್ಮ ಮೊದಲ ಕಾಗದ ನಿಮ್ಮ ಯಜಮಾನರಿಗೆ ತಲುಪಲೇ ಇಲ್ಲ. ಅದನ್ನು ಅಳಿಸಿದವಳು ನಾನು, ಹಾಸನದ ಮೇಲ್ ಕೇಂದ್ರದ ಗೀತಾ. ಎರಡನೆಯದು ಇವತ್ತು ತಲುಪಿದೆ. ಓದಿದ ಕೂಡಲೇ ಅವರು ಬರೆದದ್ದು ಇದು. ಅಕ್ಷರ ಅವರದೇ, ನೋಡಿಕೊಳ್ಳಿ.' ಕಳಿಸುವ ಗುಂಡಿ ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಪುಟ್ಟಸ್ವಾಮಿಯ ಅಂಗಡಿಗೆ ಮರಳಿ, ಕಳಿಸಿದೆ ಎಂದು ಕೈಸನ್ನೆ ಮಾಡಿದೆ. ಏನನ್ನು ಕಳಿಸಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅವನ ಮಾತನ್ನು ಅವನಿಗೆ ತಿಳಿಯದಂತೆ ಕತ್ತರಿಸಿದ್ದೆ. ಅಳಿಸಿದ್ದಕ್ಕಿಂತ ಇದೇನು ಕಡಿಮೆ ತಪ್ಪೇ ಎಂದು ವಾಪಸ್ ಬರುವಾಗ ಬಸ್ಸಿನಲ್ಲಿ ಅನ್ನಿಸಿತು.

ಮರುದಿನ ಬೆಳಿಗ್ಗೆ ನಂಜುಂಡಯ್ಯನವರಿಗೆ ಎಲ್ಲ ಹೇಳಿದೆ. ಕೆಲಸ ಹೋಯಿತು ಎಂದೇ ಎಣಿಸಿದ್ದೆ.

"ನಾನು ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿಯೋವಾಗ ನಮ್ ಗುರುಗಳು ಒಂದ್ ಮಾತು ಹೇಳ್ತಿದ್ರು," ಎಂದರು. "ಟೈಪ್ ಮಾಡೋನಿಗೆ ಕಾಗದದಲ್ಲಿ ಏನಿದೆ ಅನ್ನೋದು ಬೇಡ. ಆದ್ರೆ ಯಾರ್ದು ಅನ್ನೋದು ಯಾವತ್ತೂ ಗೊತ್ತಿರ್ಬೇಕು ಅಂತ. ನಿಂಗೆ ನಾನು ಅದನ್ನ ಹೇಳ್ಕೊಡ್ಲಿಲ್ಲ ನೋಡು. ಹೋಗಮ್ಮ, ಕೆಲಸ ನೋಡು."

ಬುಧವಾರ ಅರಕಲಗೂಡಿನ ಡಬ್ಬಿಗೆ ಗಳಿಗೆಗೊಂದು ಸಲ ಇಣುಕಿದೆ. ಹೊಗೆಸೊಪ್ಪಿನ ದರ ಬಂತು, ಯಾರಿಗೋ ಸಂದರ್ಶನದ ಕರೆ ಬಂತು. ಮಸ್ಕತ್ತಿನಿಂದ ಏನೂ ಇಲ್ಲ. ಮಂಜುಳಾ ಇದ್ದ ನರ್ಸುಗಳ ಹಾಸ್ಟೆಲಿನ ಫೋನ್ ನಂಬರು ಸಿಗಬಹುದೇ ಎಂದು ಗೌಡರನ್ನು ಕೇಳಿದೆ. ಯಾರ ಹತ್ತಿರವೂ ಇರಲಿಲ್ಲ. ಆವತ್ತು ಸರಿಯಾಗಿ ನಿದ್ದೆ ಬರಲಿಲ್ಲ. ಸೋದರತ್ತೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಗುರುವಾರ ಹನ್ನೊಂದು ಗಂಟೆಗೆ ಬಂತು. ಬಂದದ್ದು ಸಣ್ಣದೂ ಅಲ್ಲ, ಕಪ್ಪುಬಿಳುಪೂ ಅಲ್ಲ. ಪುಟಪೂರ್ತಿ, ಬಣ್ಣದಲ್ಲಿ, ಎರಡು ಹಾಳೆ, ಈವರೆಗಿನ ಎಲ್ಲದಕ್ಕಿಂತ ದೊಡ್ಡದು. ಅರಕಲಗೂಡಿನ ಡಬ್ಬಿ ಮತ್ತೆ ಕಟ್ಟಿಕೊಂಡಿತು. ನನಗೆ ಸಿಟ್ಟು ಬರಲಿಲ್ಲ. ಮುದ್ರಿಸುವಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ನಿಂತೆ. ಒಮ್ಮೆ ಓದಿದ್ದು ಸಾಕು. ಹಾಳೆಗಳನ್ನು ಬರಹ ಒಳಗಾಗುವಂತೆ ಮಡಿಸಿ, ಪ್ರತಿ ಬೇರೆ ಕಡೆ ಇಟ್ಟು, ಡಬ್ಬಿಯ ದಾರಿ ಬಿಡಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟೆ. ಆಯಮ್ಮ ಸಹಿ ಹಾಕಿದಳೋ ಇಲ್ಲವೋ ಎನ್ನುವುದು ನನ್ನ ಚೀಲದಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಪುಟ್ಟಸ್ವಾಮಿ ನನ್ನನ್ನು ಕಂಡು ಮೆಷಿನ್ ನಿಲ್ಲಿಸಿದ. ಹಾಳೆ ಬಿಡಿಸಿ ಬೆಳಕಿನ ಕಡೆ ಹಿಡಿದ. ಮೊದಲ ಸಾಲುಗಳಲ್ಲೇ ಕಣ್ಣು ಒರೆಸಿಕೊಂಡ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಎರಡನೆಯ ಹಾಳೆಯ ನಡುವೆ ಎಲ್ಲೋ ಅವನು ತಟ್ಟನೆ ನಿಂತು, ತಲೆಯೆತ್ತಿ ನನ್ನನ್ನು ನೋಡಿದ. ಕತ್ತರಿಸಿದ್ದು ಗೊತ್ತಾಯಿತು ಎಂದುಕೊಂಡೆ. ಏನು ಬೈದರೂ ಸರಿ ಎಂದು ಹತ್ತಿರ ಹೋದೆ. ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಜಾಗದಲ್ಲಿ ಬೆರಳಿಟ್ಟ.

'ಸಹಿ ಹಾಕಲಿಲ್ಲ, ಮುಂದಿನ ತಿಂಗಳು ಬರುತ್ತೇನೆ. ಆ ಗೀತಾ ಮೇಡಮ್ಮನ ಮೇಲೆ ಒಂದು ದಿನವಿಡೀ ಸಿಟ್ಟಿತ್ತು, ಈಗಿಲ್ಲ ಅಂತ ಹೇಳಿ. ನನ್ನ ಕಾಗದ ಓದಿಯೂ ನೀವು ಸುಮ್ಮನಿದ್ದೀರಿ ಅಂದುಕೊಂಡು ಎರಡು ವಾರ ಅತ್ತಿದ್ದೆ. ಓದಿಯೇ ಇರಲಿಲ್ಲ ಅಂತ ಗೊತ್ತಾಗಿ ಹೋದ ಜೀವ ಬಂತು.'

ನಾನು ಓದಿ ಮುಗಿಸಿದೆ. ಪುಟ್ಟಸ್ವಾಮಿ ಬೆರಳು ತೆಗೆಯಲಿಲ್ಲ. ಕೊನೆಯ ಸಾಲನ್ನು ಇಬ್ಬರೂ ಇನ್ನೊಂದು ಸಲ ಓದಿದೆವು.